ಬಿರುಕಿನ ಮೇಲೊಂದು ಶನಿವಾರ

ಭೂಕಂಪಕ್ಕೆ ಹೆದರುವವನು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮನೆ ಮಾಡಬಾರದು. ನಾನು ಮಾಡಿದ್ದೆ. ಅದೂ ಸಾಲದೆಂದು, ಎಂಬತ್ತರ ದಶಕದ ಒಂದು ಶನಿವಾರ ಬರ್ಕ್ಲಿಯ ಕಾಲೇಜು ಸ್ಟೇಡಿಯಮ್ಮಿಗೆ ಹೋಗಿ ಕೂತೆ. ಭೂಮಿಯ ದೊಡ್ಡ ಬಿರುಕೊಂದು ಆ ಸ್ಟೇಡಿಯಮ್ಮಿನ ಅಡಿಯಲ್ಲೇ, ಈ ತುದಿಯಿಂದ ಆ ತುದಿಗೆ ಹಾದುಹೋಗಿದೆ.

ಹಟ ಹಿಡಿದವಳು ನನ್ನ ಹೆಂಡತಿ ವಿಮಲಾ. ಮೈಸೂರಿನಿಂದ ಬಂದ ಹೊಸತರಲ್ಲಿ, ನಾನು ಆಫೀಸು ಆಫೀಸು ಎಂದು ತಿರುಗುತ್ತಿದ್ದಾಗ, ಟೀವಿಯಲ್ಲಿ ಬರುವ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲೇ ಅವಳಿಗೆ ಜೊತೆ. ಬಟ್ಟೆ ಮಡಚುತ್ತಲೇ ಆಟದ ಒಳಗುಟ್ಟೆಲ್ಲ ಕಲಿತುಬಿಟ್ಟಿದ್ದಳು. "ಒಂದೇ ಒಂದ್ ಸಲ ನಿಮ್ ಜೊತೆ ಅಲ್ಲೇ ಕೂತು ನೋಡ್ಬೇಕು ರೀ" ಎಂದು ಕೇಳುತ್ತಲೇ ಇದ್ದಳು. ನಾನು ಉಪನ್ಯಾಸ ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದೆ. ಸಿವಿಲ್ ಇಂಜಿನಿಯರಿಗೆ ಉಪನ್ಯಾಸದಿಂದ ಬಾಯಿ ನೋಯುವುದಿಲ್ಲ. ಆ ಸ್ಟೇಡಿಯಮ್ಮನ್ನು ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ ಇಪ್ಪತ್ತರ ದಶಕದಲ್ಲಿ ಕಟ್ಟಿದ್ದು, ಕಣಿವೆಯ ಹಳ್ಳವನ್ನು ಕೊಳವೆಗೆ ತೂರಿಸಿ ಮೇಲೆ ಮೈದಾನ ಹಾಸಿದ್ದು, ಬಿರುಕಿನ ಎರಡು ಬದಿಗಳೂ ವರ್ಷವರ್ಷ ಒಂಚೂರು ಆಚೀಚೆ ಜಾರುತ್ತಾ ಗೋಡೆಗಳೇ ಸೀಳಿದ್ದು, ಎಲ್ಲವನ್ನೂ ಹೇಳಿದೆ.

"ನನ್ ಜೊತೆ ಬರೋಕೆ ಇಷ್ಟ ಇಲ್ಲ ಅಂತ ಹೇಳ್ಬಿಡಿ. ಪಾಪ, ಆ ಬಿರುಕನ್ನ ಯಾಕೆ ಮಧ್ಯೆ ತರ್ತೀರ?" ಎಂದವಳ ಕಣ್ಣು ತುಂಬಿತ್ತು. ನನಗೆ ಪಿಚ್ಚೆನಿಸಿತು. ಮರುದಿನವೇ ಟಿಕೆಟ್ಟು ತಂದೆ.

ಆದರೆ ಇಂಜಿನಿಯರ ಬುದ್ಧಿ ಎಲ್ಲಿ ಹೋದೀತು? ಸ್ಟೇಡಿಯಮ್ಮಿನ ಪಶ್ಚಿಮದ ಅರ್ಧ ಕಾಂಕ್ರೀಟಿನ ಗೋಡೆಯ ಮೇಲೆ ನಿಂತಿದೆ, ಪೂರ್ವದ ಅರ್ಧ ಗುಡ್ಡಕ್ಕೇ ಒರಗಿ ಕೂತಿದೆ. ಗುಡ್ಡವೇ ಭದ್ರವೆಂದು ಅಲ್ಲೇ ಜಾಗ ಹಿಡಿದಿದ್ದೆ. ಹೋಗಿ ನೋಡಿದರೆ ಸುತ್ತಲೂ ಕೆಂಪಂಗಿಗಳು! ಎದುರಾಳಿ ತಂಡದ ಅಭಿಮಾನಿಗಳ ಮಧ್ಯೆ ಬಂದು ಕೂತಿದ್ದೆವು. ವಿಮಲಾ ಬರ್ಕ್ಲಿ ತಂಡದ ಬಣ್ಣವೆಂದು ಆರಿಸಿ ಉಟ್ಟದ್ದು ಹೊಂಬಣ್ಣದ ಅಂಚಿನ ನೀಲಿ ರೇಷ್ಮೆ ಸೀರೆ.

"ಅಯ್ಯೋ, ಇದೇನ್ರೀ ಹೀಗ್ ಮಾಡಿದ್ರಿ!" ಎಂದಳು. ಆದರೆ ಬಗ್ಗುವವಳಲ್ಲ. ಚಿತ್ರಾನ್ನದ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದ್ದು ನಿಂತು "ಓಡೋ, ಓಡೋ!" ಎಂದು ಕೂಗತೊಡಗಿದಳು. ಪಕ್ಕದ ಕೆಂಪಂಗಿಯ ಅಜ್ಜ ನಗುತ್ತಾ ಅವಳಿಗೆ ಕಡಲೆಕಾಯಿ ಪೊಟ್ಟಣ ಚಾಚಿದ. ನಾನೊಬ್ಬ ಮಾತ್ರ ಕಾಲಡಿಯ ಕಾಂಕ್ರೀಟನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ನಮ್ಮ ತಂಡದ ನೀಲಿ ಅಂಗಿಯ ಹುಡುಗನೊಬ್ಬ ಚೆಂಡು ಅವಚಿಕೊಂಡು ಗೆರೆ ದಾಟಿದ. ಢಮ್! ಕೂತಿದ್ದ ಬೆಂಚೇ ಅದುರಿತು. ಡಬ್ಬಿ ಉರುಳಿತು, ಚಿತ್ರಾನ್ನ ಚೆಲ್ಲಿತು. ವಿಮಲಾಳ ಕೈ ಗಟ್ಟಿಯಾಗಿ ಹಿಡಿದು, "ಬಾ, ಓಡೋಣ!" ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. "ತೋಪು ರೀ ಅದು! ನಮ್ಮೋರು ಸ್ಕೋರ್ ಮಾಡಿದಾಗೆಲ್ಲಾ ಗುಡ್ಡದ್ ಮೇಲಿಂದ ಹೊಡೀತಾರೆ. ಟೀವೀಲಿ ಎಷ್ಟ್ ಸಲ ನೋಡಿದೀನಿ."

ನೆಲದಡಿ ಇರುವುದನ್ನೆಲ್ಲ ಓದಿಕೊಂಡಿದ್ದ ಮಹಾಶಯ ಬೆನ್ನ ಹಿಂದಿನ ಗುಡ್ಡದತ್ತ ಒಮ್ಮೆಯೂ ಕತ್ತೆತ್ತಿ ನೋಡಿರಲಿಲ್ಲ. ಪೆಚ್ಚಾಗಿ ಕೈ ಬಿಡಹೋದೆ. ಧಾರೆಯ ದಿನವೊಂದನ್ನು ಬಿಟ್ಟರೆ ನಾಲ್ಕು ಜನರೆದುರು ಹೆಂಡತಿಯ ಕೈ ಹಿಡಿದವನಲ್ಲ ನಾನು. ನಮ್ಮ ಕಡೆ ಅದು ರೂಢಿಯಿಲ್ಲ.

"ಬಿಡ್ಬೇಡಿ" ಎಂದಳು ವಿಮಲಾ, ಮೈದಾನದಿಂದ ಕಣ್ಣು ತೆಗೆಯದೆ. "ಇನ್ನೊಂದ್ ತೋಪು ಹೊಡೀಬಹುದು."

ಅವತ್ತು ನಮ್ಮವರು ಸೋತರು, ಇನ್ನೊಂದು ತೋಪು ಹಾರಲೇ ಇಲ್ಲ. ಕೈ ಮಾತ್ರ ಕಾರಿನವರೆಗೂ ಹಾಗೇ ಇತ್ತು.