ಎಲ್ಸಕ್ಕನ ಲೈಸೆನ್ಸು

ಆ ಕಾಗದ ಬರೆದದ್ದು ನಾನು. ಎಲ್ಸಕ್ಕ ಬರೆಸಿದ್ದಲ್ಲ, ಬಂಟ್ವಾಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಯಾರೋ ದಾರಿಹೋಕ ಬರೆದದ್ದೂ ಅಲ್ಲ. ಲಾಯಿಲದ ಬದಿಯ ಸಣ್ಣ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ ಶೀನಪ್ಪನೆಂಬ ನಾನು, ನನ್ನದೇ ಕೈಯಿಂದ, ನನ್ನದೇ ಪೆನ್ನಿನಿಂದ ಬರೆದೆ. ಈ ಒಂದು ಮಾತು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಹೇಳಬೇಕಾಗಿದ್ದ ದಿನ ನಾನು ಎಲ್ಸಕ್ಕನಿಂದ ಮೂರು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಎಲ್ಸಕ್ಕ ಯಾರೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಸ್ಟ್ರಿಯಾ ದೇಶದಿಂದ ಬಂದ ನರ್ಸು. ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಮ್ಮ ಜಿಲ್ಲೆ ಮದ್ರಾಸಿನ ಕೈಯಿಂದ ಮೈಸೂರಿನ ಕೈಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಜನರು ಮೊದಮೊದಲು ಅವರನ್ನು ದೊರೆಸಾನಿ ಎಂದರು. "ದೊರೆಸಾನಿ ಬೇಡ, ಅಕ್ಕ ಸಾಕು" ಎಂದು ಅವರೇ ತಿದ್ದಿದರು. ನಲವತ್ತು ದಾಟಿದ, ಉದ್ದ ಕಾಲಿನ, ಬಿಸಿಲಿಗೆ ಮೂಗು ಕೆಂಪಾದ ಹೆಂಗಸು. ಹಸಿರು ಬಣ್ಣದ ಒಂದು ಮೋಟಾರ್ ಸೈಕಲ್ಲಿನಲ್ಲಿ ಹೆರಿಗೆಗೆ ಹೋಗುತ್ತಿದ್ದರು — ಈಚೆ ಮಡಂತ್ಯಾರಿನವರೆಗೆ, ಆಚೆ ವಾರಕ್ಕೊಮ್ಮೆ ಮೂಡಬಿದ್ರೆಯವರೆಗೆ. ಔಷಧಿಯ ಚೀಲ ಹಿಡಿದು ಹಿಂದೆ ಕೂರುವವನು ನಾನು. ಇದನ್ನೂ ಒಪ್ಪಿಕೊಂಡುಬಿಡುತ್ತೇನೆ: ಆ ಹಿಂದಿನ ಸೀಟಿನಲ್ಲಿ ನನಗೆ ಎಲ್ಲಿಲ್ಲದ ಜಂಬ. ಅಂಗಡಿ ಬಾಗಿಲಲ್ಲಿ ನಿಂತವರೆಲ್ಲ ನೋಡಬೇಕು, ನಾನು ಮಾತ್ರ ಯಾರನ್ನೂ ನೋಡದವನ ಹಾಗೆ ಕೂತಿರಬೇಕು!

ಕಾನೂನೆಂದರೆ ಎಲ್ಸಕ್ಕನಿಗೆ ಊಟ ನಿದ್ದೆಯಷ್ಟೇ ಸಹಜ. ಹೊರದೇಶದವರು ಪೊಲೀಸರಲ್ಲಿ ಹೆಸರು ಬರೆಸಬೇಕು, ವರ್ಷ ವರ್ಷ ಇರುವ ಅನುಮತಿ ಕೇಳಿ ಪಡೆಯಬೇಕು — ಎಲ್ಲವನ್ನೂ ದಿನಾಂಕಕ್ಕೆ ಮುಂಚೆಯೇ ಮಾಡುತ್ತಿದ್ದರು. ಗಾಡಿ ಓಡಿಸಲು ತಮ್ಮ ದೇಶದಿಂದ ಒಂದು ಬೂದು ಬಣ್ಣದ ಪುಸ್ತಕ ತಂದಿದ್ದರು. ಅದು ಒಂದು ವರ್ಷಕ್ಕೆ ಮಾತ್ರ. ಆಮೇಲೆ ಇಲ್ಲಿಯ ಲೈಸೆನ್ಸೇ ಬೇಕು. ವರ್ಷ ತುಂಬಲು ಒಂದು ತಿಂಗಳಿದೆ ಎನ್ನುವಾಗ ಅವರು ಕಾಗದಪತ್ರ ಹರಡಿಕೊಂಡು ಕೂತರು. ಆಗ ನಾನು — ಕೇಳದೆಯೇ — ಹೇಳಿದೆ: "ಅಕ್ಕ, ನೀವು ಯಾಕೆ ಮಂಗಳೂರಿಗೆ ಹೋಗ್ತೀರಿ? ಆ ಆಫೀಸಿನಲ್ಲಿ ನನಗೆ ಗುರ್ತದವರು ಇದ್ದಾರೆ. ನಾನು ಮಾಡಿಸಿಕೊಂಡು ಬರ್ತೇನೆ."

ಗುರ್ತದವರು! ನಮ್ಮ ಊರಿನಲ್ಲಿ ಈ ಒಂದು ಮಾತಿನ ಮೇಲೆ ಎಷ್ಟು ಮಂದಿ ಎಷ್ಟು ಕೆಟ್ಟಿದ್ದಾರೋ. ನನ್ನ ಗುರ್ತದವರು ಎಂದರೆ ಹೆಂಡತಿ ಗಿರಿಜಳ ಸೋದರಮಾವನ ಪೈಕಿ ಒಬ್ಬ ಜವಾನ. ಅವನು ನನ್ನನ್ನು ನೋಡಿದ್ದು ಮದುವೆಯ ದಿನ ಒಮ್ಮೆ. ನಾನು ಹೋಗಿ ನಿಂತಾಗ "ಯಾರು ನೀವು?" ಎಂದ. ಹೇಳಿದ ಮೇಲೆ ದನಿ ತಗ್ಗಿಸಿ, "ಇಂಥದ್ದಕ್ಕೆಲ್ಲ ನನ್ನ ಹೆಸರು ಎತ್ತಬೇಡಿ ಮಾರಾಯ್ರೆ, ನನ್ನ ಕೆಲಸ ಹೋದೀತು" ಎಂದ. ಗುಮಾಸ್ತರು ಮಾತ್ರ ಸಮಾಧಾನದಿಂದಲೇ ತಿಳಿಸಿದರು: ಆ ಅಮ್ಮನೇ ಬರಬೇಕು, ಪೊಲೀಸರಲ್ಲಿ ಬರೆಸಿದ ದಾಖಲೆ ತರಬೇಕು, ಅಧಿಕಾರಿಯ ಮುಂದೆ ಗಾಡಿ ಓಡಿಸಿ ತೋರಿಸಬೇಕು. ಅಷ್ಟೇ. ಒಂದು ದಿನದ ಕೆಲಸ.

ಅದನ್ನು ಹಾಗೆಯೇ ಎಲ್ಸಕ್ಕನಿಗೆ ಹೇಳಿದ್ದರೆ — ಇಲ್ಲ, ಹೇಳಲಿಲ್ಲ. ಹಿಂದೆ ಬರುವಾಗ ನೇತ್ರಾವತಿ ತುಂಬಿ ಬಂಟ್ವಾಳದ ಪೇಟೆಗೆ ನೀರು ನುಗ್ಗಿತ್ತು. ಬಸ್ಸು ನಿಂತೇಬಿಟ್ಟಿತು. ಎತ್ತರದ ಜಾಗದಲ್ಲಿದ್ದ ಒಂದು ಚಹಾದ ಅಂಗಡಿಯಲ್ಲಿ ನೀರು ಇಳಿಯುವುದನ್ನು ಕಾಯುತ್ತಾ ಕೂತೆ. ಅರ್ಧ ದಿನ ಕೂತು ಯೋಚಿಸಿದವನಿಗೆ ಹೊಳೆದದ್ದು ಏನು? ಬರಿಗೈಯಲ್ಲಿ ಹೋದರೆ ಮರ್ಯಾದೆ ಹೋಗುತ್ತದೆ, ಅಷ್ಟೇ. ಚೀಲದಿಂದ ಒಂದು ಹಾಳೆ ತೆಗೆದೆ.

ಸರಕಾರದ ಹೆಸರಿನಲ್ಲಿ ಸುಳ್ಳು ಆದೇಶ ಬರೆಯುವಷ್ಟು ಎದೆಗಾರಿಕೆ ನನಗಿರಲಿಲ್ಲ. ಹಾಗಾಗಿ ಬರೆದದ್ದು ಇಷ್ಟು: "ಮಾನ್ಯ ಪೊಲೀಸರಿಗೆ ನಮಸ್ಕಾರಗಳು. ಈ ಅಮ್ಮನವರು ಬಡವರ ಮನೆಗೆ ಹೆರಿಗೆ ಮಾಡಿಸಲು ಹೋಗುವವರು. ಬಹಳ ಒಳ್ಳೆಯವರು. ಇವರಿಗೆ ಲೈಸೆನ್ಸು ಇಲ್ಲ. ಇಲ್ಲವೆಂಬುದು ಇವರಿಗೆ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ." ಕೆಳಗೆ ಯಾರಿಗೂ ಓದಲಾಗದ ಒಂದು ರುಜು. ಮರುದಿನ ಬೆಳಿಗ್ಗೆ ಆಸ್ಪತ್ರೆಯ ದುಂಡು ಸೀಲನ್ನು ಅದರ ಮೇಲೆ ಒತ್ತಿದೆ.

"ಲೈಸೆನ್ಸಿನ ಪುಸ್ತಕ ಟಪಾಲಿನಲ್ಲಿ ಬರ್ತದೆ ಅಕ್ಕ. ಅಷ್ಟರವರೆಗೆ ಇದು" ಎಂದೆ. ಎಲ್ಸಕ್ಕನಿಗೆ ಆಗ ಕನ್ನಡದ ಒಂದಕ್ಷರವೂ ಓದಲು ಬಾರದು. ಎರಡು ಕೈಯಲ್ಲಿ ಹಿಡಿದುಕೊಂಡು, "ಎಷ್ಟು ಚಂದದ ಅಕ್ಷರ" ಎಂದರು. ಮಳೆಗೆ ನೆನೆಯದಂತೆ ಮೇಣಬಟ್ಟೆಯಲ್ಲಿ ಸುತ್ತಿ ಕೋಟಿನ ಒಳಕಿಸೆಗೆ ಹಾಕಿಕೊಂಡರು.

ಮೊದಲ ಸಲ ಪೊಲೀಸರು ತಡೆದದ್ದು ಮೂಡಬಿದ್ರೆಯ ದಾರಿಯಲ್ಲಿ. ಎಲ್ಸಕ್ಕ ಖುಷಿಯಿಂದಲೇ ಕಾಗದ ತೆಗೆದು ಕೊಟ್ಟರು. ಹಿಂದಿನ ಸೀಟಿನಲ್ಲಿ ನಾನು ಚೀಲ ಬಿಚ್ಚಿ ಔಷಧಿಯ ಬಾಟಲಿ ಎಣಿಸತೊಡಗಿದೆ. ಪೊಲೀಸಿನವರು ಓದಿದರು. ಇನ್ನೊಮ್ಮೆ ಓದಿದರು. ಎಲ್ಸಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕಾಗದವನ್ನು ಮಡಿಕೆ ತಪ್ಪದಂತೆ ಮಡಚಿ ಕೊಟ್ಟು ಸಲಾಮು ಹೊಡೆದರು. "ಹೋಗಿ ಅಮ್ಮ, ಜಾಗ್ರತೆ" ಎಂದರು. ಗಾಡಿ ಹೊರಟ ಮೇಲೆ ಎಲ್ಸಕ್ಕ ಗಾಳಿಯಲ್ಲಿ ಕೂಗಿ ಹೇಳಿದರು, "ನಿಮ್ಮ ದೇಶದಲ್ಲಿ ಕಾನೂನಿಗೆ ಎಷ್ಟು ಮರ್ಯಾದೆ ಉಂಟು ಶೀನಪ್ಪ!"

ಹೀಗೆ ನಾಲ್ಕೈದು ಸಲ ಆಯಿತು. ಯಾರೂ ಹೇಳಲಿಲ್ಲ. ಆ ಪೊಲೀಸರ ದಯೆಯನ್ನು ನಾನು ಈಗಲೂ ಮರೆತಿಲ್ಲ. ಪುಸ್ತಕ ಯಾಕೆ ಬರಲಿಲ್ಲ ಎಂದು ಎಲ್ಸಕ್ಕ ಕೇಳಿದಾಗ ನೆರೆಯ ಹೆಸರು ಹೇಳಿದೆ. ನೆರೆ ಇಳಿದ ಮೇಲೆ, ಫೈಲುಗಳೆಲ್ಲ ಮದ್ರಾಸಿನಿಂದ ಬರುವ ದಾರಿಯಲ್ಲಿ ಉಂಟು ಎಂದೆ. ಆ ಕಾಲದಲ್ಲಿ ಎಲ್ಲದಕ್ಕೂ ಅದೇ ಕಾರಣ, ಯಾರೂ ಅನುಮಾನಪಡುತ್ತಿರಲಿಲ್ಲ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದು ನನ್ನಷ್ಟಕ್ಕೇ ಅಂದುಕೊಳ್ಳುತ್ತಾ ಎಂಟು ತಿಂಗಳು ಕಳೆದೆ.

ಈ ನಡುವೆ ಅವರು ಕನ್ನಡ ಓದಲು ಕಲಿಯತೊಡಗಿದ್ದರು. ಕಲಿಸಿದವನೂ ನಾನೇ — ನಗಬೇಡಿ. ಒಂದನೇ ತರಗತಿಯ ಪುಸ್ತಕ ಮುಗಿದ ಮೇಲೆ ಕಂಡಕಂಡದ್ದನ್ನೆಲ್ಲ ಓದುವ ಚಟ ಹಿಡಿಯಿತು. ಬಸ್ಸಿನ ಬೋರ್ಡು, ಬೀಡಿ ಕಟ್ಟಿನ ಚೀಟಿ, ಅಂಗಡಿಯ ಹಲಗೆ. ಒಂದು ಬೆಳಿಗ್ಗೆ ರೋಗಿಗಳು ಇನ್ನೂ ಬಂದಿರಲಿಲ್ಲ. ನಾನು ಒಳಗೆ ಮಾತ್ರೆ ಎಣಿಸುತ್ತಿದ್ದೆ. ಜಗಲಿಯಿಂದ ಅವರ ಸ್ವರ ಕೇಳಿತು, ಅಕ್ಷರ ಅಕ್ಷರ ಕೂಡಿಸಿಕೊಂಡು: "ಮಾ-ನ್ಯ ಪೊ-ಲೀ-ಸ-ರಿ-ಗೆ…"

ಓಡಿ ಹೋಗಿ ಕಿತ್ತುಕೊಳ್ಳಲೇ ಎನಿಸಿತು. ಎಣಿಸಿದ ಮಾತ್ರೆಗಳನ್ನೇ ಮತ್ತೆ ಎಣಿಸಿದೆ. "ಬಹಳ ಒಳ್ಳೆಯವರು" ಎಂಬಲ್ಲಿ ಅವರು ಸಣ್ಣಗೆ ನಕ್ಕದ್ದೂ ಕೇಳಿಸಿತು. ಆಮೇಲೆ ಓದುವುದು ನಿಧಾನವಾಯಿತು. ಕೊನೆಯ ಸಾಲನ್ನು ಅವರು ಗಟ್ಟಿಯಾಗಿ ಓದಲಿಲ್ಲ.

ಒಳಗೆ ಬಂದು ಬಾಗಿಲ ಬಳಿ ನಿಂತರು. "ಶೀನಪ್ಪ, ಇದು ಲೈಸೆನ್ಸು ಅಲ್ಲ."

"ಅಲ್ಲ ಅಕ್ಕ."

"ಎಂಟು ತಿಂಗಳು," ಎಂದರು. ಬೈಯುತ್ತಾರೆಂದು ತಲೆ ತಗ್ಗಿಸಿ ಕಾದೆ. ಬೈಯಲಿಲ್ಲ. ಗಾಡಿಯನ್ನು ತಳ್ಳಿಕೊಂಡು ಹೋಗಿ ಸೌದೆ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಬೀಗ ಹಾಕಿ, ನಡೆದುಕೊಂಡು ಬೆಳ್ತಂಗಡಿಯ ಪೊಲೀಸರಲ್ಲಿಗೆ ಹೋದರು. ಎಂಟು ತಿಂಗಳು ಲೈಸೆನ್ಸಿಲ್ಲದೆ ಓಡಿಸಿದ್ದೇನೆ, ಬರೆದುಕೊಳ್ಳಿ ಎಂದರಂತೆ. ಅಲ್ಲಿಯವರು "ಬಿಡಿ ಅಮ್ಮ, ಯಾರಿಗೇನು ತೊಂದರೆ ಆಗಿದೆ?" ಎಂದು ಎಷ್ಟು ಹೇಳಿದರೂ, ಬರೆದುಕೊಳ್ಳುವವರೆಗೆ ಬೆಂಚಿನಿಂದ ಏಳಲಿಲ್ಲವಂತೆ.

ಹೊರದೇಶದವರ ಸಂಗತಿ, ಬರೆದ ಮೇಲೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಮಂಗಳೂರಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆಂದು ಬಂಟ್ವಾಳಕ್ಕೆ ಬಂದರು. ಎಲ್ಸಕ್ಕನ ವಾಸದ ಅನುಮತಿ ಮುಗಿಯಲು ಕೆಲವೇ ದಿನ ಉಳಿದಿತ್ತು. ಮುಂದುವರಿಸುವುದೋ ಬಿಡುವುದೋ ಎಂಬುದು ಆ ವಿಚಾರಣೆಯ ಮೇಲೆ ನಿಂತಿತ್ತು. ಭಾಷೆ ತೊಡಕಾದರೆ ಇರಲಿ ಎಂದು ಎಲ್ಸಕ್ಕ ನನ್ನನ್ನೂ ಕರೆದುಕೊಂಡು ಹೋದರು. ಬಸ್ಸು ಮಡಂತ್ಯಾರು ದಾಟಿತು. ಆಮೇಲೆ ಅವರು ಕಿಟಕಿಯ ಹೊರಗೆ ನೋಡುತ್ತಾ, "ಗಿರಿಜಳಿಗೆ ಈಗ ಎಂಟು ತಿಂಗಳು. ಮೊದಲಿನ ಎರಡು ಉಳಿಯಲಿಲ್ಲ. ಅವಳಿಗೆ ಈಗ ಗಾಬರಿ ಆಗಬಾರದು" ಎಂದರು. ಅಷ್ಟೇ. ಅವರು ಏನು ಮಾಡಲಿದ್ದಾರೆಂದು ನನಗೆ ಆಗಲೇ ಅರ್ಥವಾಗಿತ್ತು. ಅರ್ಥವಾಗಿತ್ತು, ಮತ್ತು — ಇದನ್ನು ಬರೆಯಲೇಬೇಕು — ನನಗೆ ಸಮಾಧಾನವಾಯಿತು.

ಅಧಿಕಾರಿ ಒಳ್ಳೆಯ ಮನುಷ್ಯ. ಕಾಗದ ಓದಿ ಮೀಸೆಯ ಮರೆಯಲ್ಲಿ ನಕ್ಕರು. "ನಿಮಗೆ ಗೊತ್ತಿರಲಿಲ್ಲ ಎಂದು ಇದರಲ್ಲೇ ಇದೆಯಲ್ಲ. ನಿಮ್ಮ ಮೇಲೆ ತಪ್ಪಿಲ್ಲ. ಬರೆದು ಕೊಟ್ಟವನ ಹೆಸರು ಹೇಳಿ, ಇಲ್ಲಿಗೆ ಮುಗಿಯಿತು" ಎಂದರು.

ಎಲ್ಸಕ್ಕ ಕನ್ನಡದಲ್ಲೇ ಉತ್ತರಿಸಿದರು. ನನ್ನ ಅಗತ್ಯವೇ ಬೀಳಲಿಲ್ಲ. "ನನಗೆ ಗೊತ್ತಿತ್ತು. ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರ ಹತ್ತಿರ ನಾನೇ ಹೇಳಿ ಬರೆಸಿದೆ. ಅವರ ಹೆಸರು ಗೊತ್ತಿಲ್ಲ."

"ಈ ಸೀಲು?"

"ಅದು ಆಸ್ಪತ್ರೆಯದು. ನಾನೇ ಒತ್ತಿದೆ."

ಅಧಿಕಾರಿ ಕಾಗದವನ್ನು ಮತ್ತೊಮ್ಮೆ ಓದಿದರು. ಒಮ್ಮೆ ನನ್ನ ಕಡೆಗೂ ನೋಡಿದರು. ಎಲ್ಸಕ್ಕ ಮಾತ್ರ ನೋಡಲಿಲ್ಲ, ತಪ್ಪಿಯೂ ನೋಡಲಿಲ್ಲ. "ಹೀಗೆ ಹೇಳಿದರೆ ಅನುಮತಿ ಮುಂದುವರಿಸಲು ನನ್ನಿಂದ ಆಗುವುದಿಲ್ಲ. ಗೊತ್ತಿದ್ದೇ ಮಾಡಿದ್ದು ಎಂದಾಗುತ್ತದೆ. ಯೋಚಿಸಿ ಹೇಳಿ" ಎಂದರು. ಯೋಚಿಸಿಯೇ ಹೇಳಿದ್ದೇನೆ ಎಂದರು ಎಲ್ಸಕ್ಕ. ಒಂದು ಹೆಜ್ಜೆ ಮುಂದೆ ಇಡಬೇಕಿತ್ತು, 'ನಾನು' ಎಂಬ ಎರಡಕ್ಷರ ಸಾಕಿತ್ತು. ಗೋಡೆಗೆ ಒರಗಿ ನಿಂತವನು ಒರಗಿಯೇ ಇದ್ದೆ. ಗಿರಿಜಳಿಗಾಗಿ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗಾಗಿ.

ಗಂಟುಮೂಟೆ ಕಟ್ಟಲು ಅವರಿಗೆ ಎರಡು ತಿಂಗಳು ಸಿಕ್ಕಿತು. ಆ ಎರಡು ತಿಂಗಳು ಅವರು ಹೆರಿಗೆಗಳಿಗೆ ಬಸ್ಸಿನಲ್ಲಿ, ಬಸ್ಸಿಲ್ಲದ ಕಡೆಗೆ ನಡೆದುಕೊಂಡು ಹೋದರು. ನಮ್ಮ ಮನೆಗೂ ಹಾಗೆಯೇ ಬಂದರು. ಮಗು ಅಡ್ಡ ತಿರುಗಿತ್ತು. ಮೂರು ದಿನ ಗಿರಿಜಳ ಪಕ್ಕದಿಂದ ಅವರು ಏಳಲಿಲ್ಲ. ತಾಯಿಯೂ ಉಳಿದಳು, ಮಗಳೂ ಉಳಿದಳು. ಮಗುವನ್ನು ನನ್ನ ಕೈಗೆ ಕೊಟ್ಟವರು ಅವರೇ. "ನಿಮ್ಮ ಹಾಗೆ ಮೂಗು" ಎಂದರು. ಆ ಕ್ಷಣದಲ್ಲಾದರೂ ಕಾಲಿಗೆ ಬೀಳಬಹುದಿತ್ತು. ಕೈಯಲ್ಲಿ ಮಗುವಿತ್ತು ಎಂದು ಸಮಾಧಾನ ಹೇಳಿಕೊಂಡೆ.

ಆ ಗಡಿಬಿಡಿಯಲ್ಲೂ ಅವರು ಬಿಡಲಿಲ್ಲ. ಮಂಗಳೂರಿಗೆ ತಾವೇ ಹೋಗಿ, ಅಲ್ಲಿ ಎರವಲು ಪಡೆದ ಗಾಡಿ ಓಡಿಸಿ ತೋರಿಸಿ, ಪರೀಕ್ಷೆ ಪಾಸಾಗಿ ಬಂದರು. ಹೊರಡಲು ಎರಡು ದಿನ ಇರುವಾಗ ಪುಸ್ತಕ ಟಪಾಲಿನಲ್ಲಿ ಬಂತು. ಅವತ್ತೇ ಕೊಟ್ಟಿಗೆಯ ಬೀಗ ತೆಗೆದರು. "ಬನ್ನಿ ಶೀನಪ್ಪ, ಮೂಡಬಿದ್ರೆಗೆ ಹೋಗುವ" ಎಂದರು. ಅಲ್ಲಿಯ ಬಾಣಂತಿಯರಿಗೆ ಹೋಗಿ ಬರುತ್ತೇನೆಂದು ಹೇಳಬೇಕಿತ್ತು. ದಾರಿಯುದ್ದಕ್ಕೂ ಒಬ್ಬ ಪೊಲೀಸನೂ ತಡೆಯಲಿಲ್ಲ. ಅವರಿಗೆ ಅದೇ ಬೇಸರ. ಕೊನೆಗೆ ಮೂಡಬಿದ್ರೆಯಲ್ಲಿ ನೆರಳಿಗೆ ನಿಂತಿದ್ದ ಒಬ್ಬರ ಮುಂದೆ ತಾವಾಗಿಯೇ ಗಾಡಿ ನಿಲ್ಲಿಸಿ, ಪುಸ್ತಕ ತೆಗೆದು ಮುಂದೆ ಹಿಡಿದರು. ನೋಡಿದರೆ ಮೊದಲ ಸಲ ನಮ್ಮನ್ನು ತಡೆದವರೇ! ಅವರು ಪುಸ್ತಕ ತೆರೆದೂ ನೋಡದೆ ಸಲಾಮು ಹೊಡೆದರು. "ಇಲ್ಲ, ಓದಿ" ಎಂದರು ಎಲ್ಸಕ್ಕ. ಪೂರ್ತಿ ಓದಿಸಿದ ಮೇಲೆಯೇ ಮುಂದೆ ಹೋದದ್ದು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ಅವರು ಹೋದರು. ಒಂದೆರಡು ವರ್ಷ ಮಗಳ ಹುಟ್ಟಿದ ದಿನಕ್ಕೆ ಕನ್ನಡದಲ್ಲೇ ಕಾಗದ ಬರೆದರು, ದೊಡ್ಡ ದೊಡ್ಡ ಅಕ್ಷರಗಳಲ್ಲಿ. ನಾನು ಉತ್ತರಿಸಲಿಲ್ಲ. ಆಮೇಲೆ ಕಾಗದ ನಿಂತಿತು.

ಊರಿನಲ್ಲಿ ಉಳಿದದ್ದು ಮಾತ್ರ ಬೇರೆ ಕತೆ. ಮೊನ್ನೆ ಆಸ್ಪತ್ರೆಯ ಹೊಸ ಕಟ್ಟಡದ ಪೂಜೆ. ಊಟಕ್ಕೆ ಕೂತಾಗ ಯಾರೋ ತೆಗೆದರು: "ಹಿಂದೆ ಇಲ್ಲಿ ಒಬ್ಬಳು ದೊರೆಸಾನಿ ಇದ್ದಳಂತೆ ಮಾರಾಯ್ರೆ, ಸುಳ್ಳು ಕಾಗದ ತೋರಿಸಿ ಪೊಲೀಸರಿಗೇ ಟೋಪಿ ಹಾಕಿದವಳು. ಆಮೇಲೆ ಸರಕಾರದವರು ಓಡಿಸಿದರಂತೆ." ಪಂಕ್ತಿಯವರೆಲ್ಲ ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು, ಅವಳೂ ನಕ್ಕಳು. ಅವಳ ನಗು ಕೇಳಿದ ಮೇಲೆ, ಮನೆಗೆ ಬಂದವನೇ ಇದನ್ನು ಬರೆಯಲು ಕೂತೆ.

ಬೀಡಿ ಕಟ್ಟಿನ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೂ ನಂಬುತ್ತಿದ್ದ ಹೆಂಗಸು ಅವರು. ನಾನು ಕಂಡಂತೆ ಒಂದೇ ಒಂದು ಸುಳ್ಳು ಹೇಳಿದರು, ಅದೂ ನನ್ನನ್ನು ಉಳಿಸಲು. ಆ ಸುಳ್ಳಿನ ನೆರಳಿನಲ್ಲಿ ನನಗೆ ಕೆಲಸ ಉಳಿಯಿತು, ಹೆಂಡತಿ ಉಳಿದಳು, ಈ ಮಗಳು ಉಳಿದಳು. ಇಷ್ಟು ದೊಡ್ಡ ಉಪಕಾರ ನನಗೆ ಬೇರೆ ಯಾರೂ ಮಾಡಿಲ್ಲ. ಪ್ರತಿಯಾಗಿ ನಾನು ಅವರ ಹೆಸರು ಕೆಡುವುದನ್ನು ನೋಡುತ್ತಾ ಊಟ ಮಾಡಿದೆ.

ಈ ಬರಹವನ್ನು ಮೊದಲು ಮಗಳ ಕೈಗೆ ಕೊಡುತ್ತೇನೆ. ಆಮೇಲೆ ಆಸ್ಪತ್ರೆಯವರಿಗೆ. ಓದಿ ಮುಗಿಸಿದ ಮೇಲೆ ಅವಳು ನನ್ನನ್ನು ಅಪ್ಪ ಎಂದು ಕರೆಯುವ ಸ್ವರ ಬದಲಾದರೆ — ಬದಲಾಗಲಿ. ಅವಳನ್ನು ಮೊದಲು ಎತ್ತಿಕೊಂಡವರು ಎಂಥವರು ಎಂಬುದು ಅವಳಿಗೆ ಗೊತ್ತಿರಬೇಕು.