ಎಳೆರಾಣಿಯ ಬೆರಳು

ದಿವ್ಯ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಸ್ಕತ್ತಿನ ಡಬ್ಬಿಗಳ ಮೇಲೆ ಅಚ್ಚಾಗುವ ಚಿತ್ರ ಬರೆಯುತ್ತಾಳೆ. ನಗುವ ಮಗು, ಹಾರುವ ಆನೆ, ಏನು ಕೇಳಿದರೂ ಅರ್ಧ ಗಂಟೆಯಲ್ಲಿ ಮುಗಿಸಿ ಕೊಡುತ್ತಾಳೆ. ಮನುಷ್ಯರ ಕೈ ಬರೆಯಬೇಕಾಗಿ ಬಂದರೆ ಮಾತ್ರ ಇಡೀ ದಿನ ಎಳೆಯುತ್ತಾಳೆ. ಹೊಸದಾಗಿ ಸೇರಿದವರು ಇದನ್ನು ಕೊಬ್ಬು ಎಂದುಕೊಂಡಿದ್ದಾರೆ. ಪಾಪ, ಅವರಿಗೆ ಮುನ್ನೀ ಗೊತ್ತಿಲ್ಲ.

ರಾಮನಗರದಲ್ಲಿ ದಿವ್ಯಳ ಮನೆಯ ಪಕ್ಕದಲ್ಲೇ ಮುನ್ನೀಯ ಅಪ್ಪನ ರೇಷ್ಮೆ ರೀಲಿಂಗ್ ಶೆಡ್ಡು ಇತ್ತು. ಏಳನೇ ಕ್ಲಾಸಿನವರೆಗೆ ಇಬ್ಬರದೂ ಒಂದೇ ಬೆಂಚು. ಆಮೇಲೆ ಮುನ್ನೀ ಸ್ಕೂಲು ಬಿಟ್ಟು ಶೆಡ್ಡಿಗೆ ಸೇರಿಕೊಂಡಳು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ಅಪ್ಪನ ಕೈಗೆ ಕೊಡುವುದು ಅವಳ ಕೆಲಸ. ನೂಲು ಚೆನ್ನಾಗಿ ಬಂದರೆ ಜನ ಅಪ್ಪನನ್ನು ಹೊಗಳುತ್ತಿದ್ದರು. ಇವಳ ಬೆರಳ ತುದಿಗಳು ಬೆಳ್ಳಗೆ ಸುಲಿದಿರುತ್ತಿದ್ದವು.

2003ರ ಬೇಸಿಗೆ ರಜೆ. ದಿವ್ಯ ಒಂಬತ್ತನೇ ಕ್ಲಾಸು ಮುಗಿಸಿದ್ದಳು. ಬಾಡಿಗೆಗೆ ತಂದ ಕಾಮಿಕ್ಸನ್ನು ಶೆಡ್ಡಿನ ಬಾಗಿಲಲ್ಲಿ ಕೂತು ಓದಿ ಹೇಳುತ್ತಿದ್ದಳು. ಅದರೊಳಗಿನ ಹಾರುವ ವೀರನ ಮೇಲೆ ಮುನ್ನೀಗೆ ಒಂದಿಷ್ಟೂ ಗೌರವ ಹುಟ್ಟಲಿಲ್ಲ.

"ಇವ್ನ ಹಿಂದ್ಗಡೆ ಒಬ್ಬ ಹುಡ್ಗ ಓಡಾಡ್ತಾನಲ್ಲ, ಎಲ್ಲಾ ಕೆಲ್ಸಾನೂ ಅವ್ನೇ ಮಾಡವ್ನೆ. ಹೆಸ್ರು ಮಾತ್ರ ಇವ್ನಿಗೆ," ಎಂದಳು. "ಅಂಥ ಹುಡುಗ್ರೆಲ್ಲಾ ಒಟ್ಟಿಗೆ ಸೇರ್ಕೊಂಡ್ರೆ ಹೆಂಗಿರ್ತೈತೆ? ನಾನು ಹೇಳ್ತೀನಿ, ನೀನು ಬರಿ."

ಹಾಗೆ ಹುಟ್ಟಿದ್ದು 'ಕೈಯಾಳುಗಳ ಪಡೆ'. ಕಥೆಯಲ್ಲಿ ವೀರರೆಲ್ಲ ಸನ್ಮಾನ ಮಾಡಿಸಿಕೊಳ್ಳಲು ಬೆಂಗಳೂರಿಗೆ ಹೋಗಿರುತ್ತಾರೆ. ಅದೇ ದಿನ ಮಾಯಾವಿಯೊಬ್ಬ ಬಂದು ಊರಿನ ಬೆಟ್ಟಗಳನ್ನು ಲಾರಿಗೆ ತುಂಬತೊಡಗುತ್ತಾನೆ. ಊರಲ್ಲಿ ಉಳಿದವರು ಮೂವರು ಮಕ್ಕಳು. ವೀರನ ಬುಗುರಿ ಹೊರುವ ಚನ್ನಪಟ್ಟಣದ ಹುಡುಗ, ಇನ್ನೊಬ್ಬ ವೀರನ ಕುದುರೆ ತೊಳೆಯುವ ಮಾಗಡಿಯವನು, ಜೊತೆಗೆ ಎಳೆರಾಣಿ. ಕಣ್ಣಿಗೆ ಕಾಣದ ಎಳೆಯನ್ನೂ ಅವಳು ಸುಲಿದ ಬೆರಳಲ್ಲೇ ಹುಡುಕಬಲ್ಲಳು. ಮುನ್ನೀ ನೀರಿನಲ್ಲಿ ಕೈಯಿಟ್ಟುಕೊಂಡೇ ಕಥೆ ಹೇಳಿದಳು, ದಿವ್ಯ ಅವಳ ಕೈ ನೋಡಿಕೊಂಡೇ ಎಳೆರಾಣಿಯ ಕೈ ಬರೆದಳು.

ಆ ವರ್ಷ ಬಿಡದಿ ಕಡೆ ಹೊಸದಾಗಿ ಶುರುವಾದ ಕಾರ್ಖಾನೆಯೊಂದು ಹೈಸ್ಕೂಲಿನ ಮಕ್ಕಳಿಗೆ ಚಿತ್ರಕಥೆಯ ಸ್ಪರ್ಧೆ ಇಟ್ಟಿತು. ಗೆದ್ದ ಕಥೆಯನ್ನು ಪುಸ್ತಕ ಮಾಡಿ ಹಂಚುತ್ತೇವೆ ಎಂದಿತು. ಡ್ರಾಯಿಂಗ್ ಮೇಷ್ಟ್ರು ದಿವ್ಯಳ ಹಾಳೆಗಳನ್ನು ತಿರುವಿ ನೋಡಿದರು.

"ಕಥೆ ಚೆನ್ನಾಗೈತೆ ಕಣಮ್ಮ. ಈ ಹುಡ್ಗಿ ಬೆರಳು ಮಾತ್ರ ರೋಗ ಬಂದಂಗೆ ಕಾಣ್ತದೆ. ಒಸಿ ನುಣ್ಣಗೆ ಮಾಡು."

ದಿವ್ಯ ಎರಡು ದಿನ ಕೂತು ಪ್ರತಿ ಪುಟದಲ್ಲೂ ಬೆರಳುಗಳನ್ನು ಅಳಿಸಿ ತಿದ್ದಿದಳು. ಅರ್ಜಿಯಲ್ಲಿ ಹೆಸರು ಬರೆಯಲು ಒಂದೇ ಗೆರೆ, ಅದರ ಪಕ್ಕ ತರಗತಿ. ಮುನ್ನೀಗೆ ತರಗತಿ ಎಲ್ಲಿಂದ ಬರಬೇಕು? ಗೆದ್ದರೆ ಎಲ್ಲರ ಮುಂದೆ ಅವಳ ಹೆಸರು ಹೇಳಿಬಿಡುತ್ತೇನೆ ಎಂದುಕೊಂಡು ದಿವ್ಯ ತನ್ನದೊಂದನ್ನೇ ಬರೆದಳು.

ಗೆದ್ದಳು. ಬಿಡದಿಯಲ್ಲಿ ಬಹುಮಾನ ಕೊಟ್ಟ ದಿನ ಮುನ್ನೀ ಅಪ್ಪನನ್ನು ಕಾಡಿ ಬೇಡಿ ರಜೆ ಹಾಕಿ ಬಂದಿದ್ದಳು. ಹಸಿರು ಬಳೆ ತೊಟ್ಟು ಕೊನೆಯ ಸಾಲಿನ ಹಿಂದೆ ನಿಂತಿದ್ದಳು. ವೇದಿಕೆಯ ಮೇಲೆ ಅಧಿಕಾರಿಯೊಬ್ಬರು ದಿವ್ಯಳ ಬಾಯಿಗೆ ಮೈಕು ಹಿಡಿದು, "ಇಷ್ಟು ಚೆಂದದ ಕಥೆ ಯಾರು ಹೇಳಿಕೊಟ್ಟರು?" ಎಂದು ಕೇಳಿದರು. ದಿವ್ಯಳಿಗೆ ಆ ಹಸಿರು ಬಳೆ ಕಾಣುತ್ತಿತ್ತು.

"ಯಾರೂ ಇಲ್ಲ ಸಾರ್, ನಾನೇ," ಎಂದಳು.

ಯಾಕೆ ಹಾಗೆಂದಳೋ ಇವತ್ತಿಗೂ ಅವಳಿಗೆ ತಿಳಿಯದು. ಚಪ್ಪಾಳೆ ಬಿದ್ದಿತು. ವಾಪಸ್ಸು ಬರುವ ಬಸ್ಸಿನಲ್ಲಿ ಮುನ್ನೀ ಅಚ್ಚಾಗಿ ಬಂದಿದ್ದ ಪುಸ್ತಕ ಇಸಿದುಕೊಂಡು ಒಂದೊಂದೇ ಪುಟ ನೋಡಿ ತಿರುಗಿ ಕೊಟ್ಟಳು. ಮಾರನೆಯ ದಿನದಿಂದ ಶೆಡ್ಡಿನ ಬಾಗಿಲಿಗೆ ಹೋದರೆ "ಕೆಲ್ಸ ಐತೆ" ಎನ್ನುತ್ತಿದ್ದಳು. ಎರಡು ವರ್ಷಕ್ಕೆ ಶೆಡ್ಡು ಮುಚ್ಚಿತು. ಮುನ್ನೀಯನ್ನು ಚನ್ನಪಟ್ಟಣಕ್ಕೆ ಮದುವೆ ಮಾಡಿಕೊಟ್ಟರು.

ಚನ್ನಪಟ್ಟಣವೇನು ಸಮುದ್ರದಾಚೆ ಇಲ್ಲ, ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೂ ದಿವ್ಯಳಿಗೆ ಅಲ್ಲಿಗೆ ಹೋಗಲು 2009 ಆಗಬೇಕಾಯಿತು. ಮುನ್ನೀ ಬಾಗಿಲು ತೆರೆದು ನಕ್ಕಳು, ಚಾಪೆ ಹಾಸಿದಳು, ಚಹಾ ಕೊಟ್ಟಳು.

"ಅವತ್ತು ನಿನ್ನ ಹೆಸ್ರು ಹೇಳ್ಬೇಕಾಗಿತ್ತು ಕಣೆ. ಹೇಳ್ಲಿಲ್ಲ. ತಪ್ಪಾಗೋಯ್ತು," ಎಂದಳು ದಿವ್ಯ.

"ಅದಕ್ಯಾಕೆ ಅಳ್ತೀಯ? ನಂಗೆ ಸಿಟ್ಟೇ ಬರ್ಲಿಲ್ಲ," ಎಂದಳು ಮುನ್ನೀ. "ಬಸ್ಸಲ್ಲಿ ಪುಸ್ತಕ ನೋಡಿದ್ನಲ್ಲ, ಎಳೆರಾಣಿ ಬೆರಳೆಲ್ಲಾ ನುಣ್ಣಗಿದ್ವು. ಇದು ನಾನಲ್ಲ, ಬೇರೆ ಯಾರೋ ಹುಡ್ಗಿ ಅಂದ್ಕೊಂಡು ಸುಮ್ನಾಗ್ಬುಟ್ಟೆ."

ಬೈದಿದ್ದರೆ ದಿವ್ಯ ತಡೆದುಕೊಳ್ಳುತ್ತಿದ್ದಳು. ಚೀಲದಿಂದ ಹಾಳೆ, ಪೆನ್ಸಿಲ್ ತೆಗೆದಳು.

"ಕೈ ಕೊಡು. ಈ ಸಲ ಇದ್ದಂಗೇ ಬರೀತೀನಿ."

ಮುನ್ನೀ ಎರಡೂ ಕೈ ಚಾಚಿದಳು. ಬಿಸಿನೀರು ಬಿಟ್ಟು ನಾಲ್ಕು ವರ್ಷವಾಗಿತ್ತು. ಹೊಸ ಚರ್ಮ ಬಂದು ಬೆರಳುಗಳು ಎಲ್ಲರ ಬೆರಳುಗಳಂತೆಯೇ ನುಣ್ಣಗಿದ್ದವು. ಆಗ ಅವು ಎಲ್ಲೆಲ್ಲಿ ಸುಲಿದಿದ್ದವು ಎಂದು ದಿವ್ಯ ನೆನಪು ಮಾಡಿಕೊಳ್ಳಲು ನೋಡಿದಳು, ಬರಲಿಲ್ಲ.