ರೊಟ್ಟಿಯ ಹಂಚು ಸುಟ್ಟದ್ದಲ್ಲ

ನನ್ನ ತಂಗಿ ನೀಲವ್ವನಿಗೆ ಸ್ಕ್ರೂ ಹಾಕಿ ಮುಚ್ಚಿದ ಯಾವ ವಸ್ತುವನ್ನು ಕಂಡರೂ ಸಿಟ್ಟು ಬರುತ್ತಿತ್ತು. ಗೋಡೆಯ ಗಡಿಯಾರ ಇರಲಿ, ಸೈಕಲ್ಲಿನ ಡೈನಮೋ ಇರಲಿ, ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಒಳಗೇನು ಕದ್ದ ಮಾಲು ಐತೇನು, ಇಷ್ಟು ಬಿಗಿ ಮುಚ್ಯಾರಲ್ಲ!" ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಪ್ಪನ ಸ್ಕ್ರೂಡ್ರೈವರ್ ಮಾಯವಾಗುತ್ತಿತ್ತು. ಅವಳೂ ಮಾಯ.

ಯಲಬುರ್ಗಿಯ ಬಜಾರದಲ್ಲಿ ನಮ್ಮಪ್ಪನದೊಂದು ಹಿಟ್ಟಿನ ಗಿರಣಿ. ಅದರ ಹಿಂದೆಯೇ ನಮ್ಮ ಮನೆ. ನಾನು ಹಿರಿಯವಳು. ನಾಲ್ಕನೆಯ ಇಯತ್ತೆ ಮುಗಿಯುವುದರೊಳಗೆ ಶಾಲೆ ಬಿಡಿಸಿ ನನ್ನನ್ನು ಅವ್ವನ ಪಕ್ಕದಲ್ಲಿ ರೊಟ್ಟಿಗೆ ಕೂರಿಸಿದರು. ನೀಲವ್ವನನ್ನೂ ಕೂರಿಸಿ ನೋಡಿದರು. ಅವಳ ರೊಟ್ಟಿ ಕಲ್ಲಿನ ಮೇಲೆಯೇ ಹರಿಯುತ್ತಿತ್ತು. ಹರಿಯದಿದ್ದರೆ ಹಂಚಿನ ಮೇಲೆ ಸೀಯುತ್ತಿತ್ತು. ಅವಳು ಹಂಚನ್ನು ನೋಡದೆ, ಅದರ ಕೆಳಗಿನ ಸ್ಟೋ ಏಕೆ ಭುಸುಗುಡುತ್ತಿದೆ ಎಂದು ಬಗ್ಗಿ ನೋಡುತ್ತಿದ್ದಳು. ಕೊನೆಗೆ ಅವ್ವ, "ನೀ ಏಳು ಬೇ, ಜೋಳ ತುಟ್ಟಿ ಅದಾವು" ಎಂದು ಎಬ್ಬಿಸಿ ಕಳಿಸಿದಳು. ಅವಳ ಪಾಲಿನ ರೊಟ್ಟಿಯೂ ನನಗೇ ಬಂತು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮುಂದೆ ಮಾಡಿದ್ದರ ಬೇರು ಇಲ್ಲಿದೆ.

ನಮ್ಮ ಮನೆಯ ರೇಡಿಯೋ ಎತ್ತರದ ಗೂಡಿನಲ್ಲಿತ್ತು. ಅದಕ್ಕೆ ಅವ್ವ ಕಸೂತಿ ಹಾಕಿದ ಮುಸುಕು ಹೊದಿಸಿದ್ದಳು. ಅದರ ಗುಂಡಿ ತಿರುಗಿಸುವ ಅಧಿಕಾರ ಅಪ್ಪನೊಬ್ಬನದು. ನೀಲವ್ವನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. "ಮಾತಾಡೋ ವಸ್ತುಕ್ಕ ಸೆರಗು ಹೊಚ್ಚೀರಿ. ಅದಕ್ಕ ಶೆಕಿ ಆಗಂಗಿಲ್ಲೇನು? ನಾವರ ಮನಿಯಾಗ ಸೆರಗು ತಗಿತೀವಿ, ಅದು ಹಗಲಿ ರಾತ್ರಿ ಮುಸುಕಿನಾಗ!" ಎಂದು ಅಪ್ಪನೆದುರೇ ಅಂದಳು. ಅಪ್ಪ ನಕ್ಕುಬಿಟ್ಟ. ಮರುದಿನ ಮಧ್ಯಾಹ್ನ ಅವನು ಜೋಳದ ಚೀಲ ತರಲು ಕುಷ್ಟಗಿಗೆ ಹೋದಾಗ ಅವಳು ರೇಡಿಯೋವನ್ನು ಇಳಿಸಿ, ಬಿಚ್ಚಿ, ಚಾಪೆಯ ಮೇಲೆ ಹರಡಿಕೊಂಡು ಕುಳಿತಿದ್ದಳು. ಆಗವಳು ಇನ್ನೂ ಪರಕಾರ ಉಡುತ್ತಿದ್ದ ಹುಡುಗಿ. ಮತ್ತೆ ಕೂಡಿಸಲು ಬರಲಿಲ್ಲ. ಅಪ್ಪ ಬಂದವನೇ ಹೊಡೆದ. ಹೊಡೆತ ತಿನ್ನುತ್ತಲೇ ಅವಳು ಕೇಳಿದ್ದು: "ಹೊಡೀ ಅಪ್ಪಾ, ಆದ್ರ ಖಾಜಾಸಾಬನ ಕಡೆ ಒಯ್ಯೂವಾಗ ನನ್ನ ಕರಕೊಂಡು ಹೋಗು."

ಖಾಜಾಸಾಬ ಬಜಾರದ ಕೊನೆಯಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಮುದುಕ. ಅಪ್ಪ ಅವಳನ್ನು ಕರೆದುಕೊಂಡು ಹೋದ. ಅಂದಿನಿಂದ ಅವನ ಮನೆಯ ಹಿಟ್ಟಿನ ಡಬ್ಬಿಯನ್ನು ಗಿರಣಿಯಿಂದ ಒಯ್ಯುವ ಕೆಲಸ ನೀಲವ್ವನದಾಯಿತು. ಡಬ್ಬಿ ಇಟ್ಟು ಬರಲು ಅರ್ಧ ದಿನ ಹಿಡಿಯುತ್ತಿತ್ತು. "ನಿನ್ನ ಮಗಳಿಗೆ ಬೆಸುಗೆ ಹಾಕೋದು ಕಲಿಸ್ಲೇನಪಾ? ಕೈ ಅಲ್ಲಾಡಂಗಿಲ್ಲ ಇಕಿದು" ಎಂದು ಅವನು ಅಪ್ಪನನ್ನು ಕೇಳಿಯೇ ಕಲಿಸಿದ. ಕಾದ ಕಡ್ಡಿಯಿಂದ ಸೀಸ ಕರಗಿಸಿ ತಂತಿಗೆ ಹಚ್ಚುವ ಆ ಕೆಲಸದಲ್ಲಿ, ತಂತಿ ಹಿಡಿದ ಎಡಗೈಯ ಬೆರಳಿಗೆ ಸಿಡಿಯುತ್ತದೆ. ಅವಳ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಸಣ್ಣ ಸಣ್ಣ ಬಿಳಿಯ ಚುಕ್ಕೆಗಳು ನಿಂತವು. ಅವುಗಳನ್ನು ಅವಳು ಉಂಗುರ ತೋರಿಸುವ ಹಾಗೆ ನನಗೆ ತೋರಿಸುತ್ತಿದ್ದಳು.

ಆಮೇಲೆ ಜೋಳ ಬೀಸಿಸಲು ಬಂದ ಹೆಂಗಸರು ಡಬ್ಬಿಯ ಜೊತೆ ಕೆಟ್ಟ ಸ್ಟೋವನ್ನೂ ತರತೊಡಗಿದರು. ಜೋಳ ಬೀಸುವುದರೊಳಗೆ ನೀಲವ್ವ ಅದನ್ನು ಬಿಚ್ಚಿ, ಪಿನ್ನು ಹೊಡೆದು, ವಾಷರು ಬದಲಿಸಿ, ಉರಿಸಿ ತೋರಿಸುತ್ತಿದ್ದಳು. ಜೊತೆಗೆ ಬೈಗಳವೂ ಇರುತ್ತಿತ್ತು, ಹೆಂಗಸರಿಗಲ್ಲ, ಸ್ಟೋ ಮಾಡಿದವನಿಗೆ. "ಇದನ್ನ ಮಾಡಿದಾವ ಒಮ್ಮೆರ ಹಂಚು ಇಟ್ಟು ನೋಡ್ಯಾನೇನಕ್ಕಾ? ಹಂಚು ಇಷ್ಟಗಲ, ಅದು ಕುಂದ್ರೋ ಮುಳ್ಳು ಬೆಕ್ಕಿನ ಕಾಲು ಇದ್ದಂಗ. ರೊಟ್ಟಿ ತಿರುವಾಕ ಹೋದ್ರ ಹಂಚ ತಿರುಗತೈತಿ!" ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನಮ್ಮ ಓಣಿಗೆ ಕೈಪಂಪು ಹಾಕಿದಾಗ ಊರೆಲ್ಲ ತೆಂಗಿನಕಾಯಿ ಒಡೆದು ಸಂಭ್ರಮಪಟ್ಟರೆ ಇವಳು ಅದರ ಹಿಡಿಕೆಗೆ ಜೋತುಬಿದ್ದು, "ನೀರು ತರಾವ್ರು ಯಾರು? ಹಿಡಿಕಿ ಯಾರ ಎತ್ತರಕ್ಕ ಇಟ್ಟಾರ? ಅಳತಿ ತಗೋಳಾಕ ಬಂದಾವ ತನ್ನ ಹೆಗಲಿಗೆ ನೋಡಿಕೊಂಡು ಹೋಗ್ಯಾನ" ಎಂದು ಜಗಳ ತೆಗೆದಳು. ಪಂಚಾಯತಿಯ ಹಿರಿಯರೊಬ್ಬರು, "ಹುಡುಗಿ ಬಾಯಿ ಭಾಳ ಆತಲ್ಲೋ" ಎಂದು ಅಪ್ಪನಿಗೆ ಹೇಳಿದರು. ಆ ಪಂಪಿನ ಹಿಡಿಕೆಗೆ ಜೋತುಬಿದ್ದು ಜೋತುಬಿದ್ದು ರಟ್ಟೆ ನೋಯಿಸಿಕೊಂಡವರೆಲ್ಲ ಹೆಂಗಸರೇ. ಅವರಲ್ಲಿ ಒಬ್ಬರೂ ಆ ದಿನ ಅವಳ ಪರವಾಗಿ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಮಹಾನವಮಿಯ ಖಂಡೇಪೂಜೆ ಬಂದರೆ ಅವಳಿಗೆ ಇನ್ನೊಂದು ಉರಿ. ಗಿರಣಿಯ ಮೋಟಾರಿಗೆ ಕುಂಕುಮ, ಅಪ್ಪನ ಸೈಕಲ್ಲಿಗೆ ಚೆಂಡುಹೂವು, ನಟ್ಟು ಬಿಚ್ಚುವ ಪಾನಾಗಳಿಗೆಲ್ಲ ವಿಭೂತಿ. ಒಂದು ವರ್ಷ ಅವಳು ಅಡಿಗೆಮನೆಯಿಂದ ಹಂಚು, ಸ್ಟೋ, ಬೀಸುವ ಕಲ್ಲನ್ನು ತಂದು ಸಾಲಿನಲ್ಲಿ ಇಟ್ಟಳು. ಅಪ್ಪ, "ಇವು ಯಾಕವ್ವ? ದುಡಿಯೂ ಸಾಮಾನಿಗೆ ಪೂಜಿ ಮಾಡೋದು" ಎಂದ. "ಹೌದಪಾ, ಅದಕ್ಕ ತಂದೀನಿ" ಎಂದಳು. ಅಪ್ಪ ಹಂಚಿಗೂ ಕುಂಕುಮ ಹಚ್ಚಿದ. ಅಪ್ಪ ಕೆಟ್ಟವನಲ್ಲ. ಗಂಡಸು ಪಾನಾ ಹಿಡಿದರೆ ಮಿಸ್ತ್ರಿ, ಹೆಂಗಸು ಹಿಡಿದರೆ ಗಂಡುಬೀರಿ ಎನ್ನುವ ಊರಿನಲ್ಲಿ ಅವನು ಮಗಳಿಗೆ ಒಂದು ಮಾತು ಕೊಟ್ಟಿದ್ದ: ಗಿರಣಿಯ ಮುಂದಿನ ಕಟ್ಟೆಯ ಮೇಲೆ ಒಂದು ಟೇಬಲ್ ಹಾಕಿಸಿಕೊಡುತ್ತೇನೆ, ಸ್ಟೋ, ರೇಡಿಯೋ ದುರಸ್ತಿ ಮಾಡು. ಆದರೆ ಮದುವೆ ಮಾಡಿಕೊಳ್ಳುವವರು ಒಪ್ಪಬೇಕು.

ಆದ್ದರಿಂದ ಬೇವೂರಿನವರು ಹೆಣ್ಣು ನೋಡಲು ಬರುತ್ತಾರೆ ಎಂದಾಗ ನೀಲವ್ವ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. ನಾನಾಗ ಮದುವೆಯಾಗಿ ಯಲಬುರ್ಗಿಯಲ್ಲೇ ಇದ್ದೆ. ಹೆಣ್ಣು ತೋರಿಸುವಾಗ ಹೆಣ್ಣು ಮಾತಾಡುವಂತಿಲ್ಲ. ಪಕ್ಕದಲ್ಲಿ ಕುಳಿತ ಅಕ್ಕನೋ ಅತ್ತಿಗೆಯೋ ಉತ್ತರ ಕೊಡಬೇಕು.

"ಯಕ್ಕಾ, ಅವರು ಕೈ ನೋಡ್ತಾರ. ನೋಡಿ ಕೇಳ್ತಾರ. ಖರೇನ ಹೇಳು. ಬೆಸುಗಿ ಹಾಕತಾಳ್ರಿ, ಟೇಬಲ್ ಹಾಕ್ಕೊಳಾಕಿ ಅದಾಳ್ರಿ ಅನ್ನು. ಬ್ಯಾಡ ಅಂದ್ರ ಎದ್ದು ಹೋಗ್ಲಿ. ಅವರು ತಿಂದ ಚುರುಮುರಿ ಅಷ್ಟ ಲುಕ್ಸಾನು" ಎಂದಳು. ನಕ್ಕೆ. ಹೇಳ್ತೀನಿ ಎಂದೆ.

ಬೇವೂರಿನವರು ಹೊಲಮನೆ ಗಟ್ಟಿಯಾಗಿದ್ದ ದೊಡ್ಡ ಕುಟುಂಬ. ಹುಡುಗನ ತಾಯಿ ಗೌರವ್ವ ನೀಲವ್ವನನ್ನು ನಡೆಸಿದಳು, ಕೂರಿಸಿದಳು, ಕೊನೆಗೆ ಎರಡೂ ಕೈಯನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡಳು.

"ಇವೇನವ್ವ, ಸುಟ್ಟ ಗಾಯ?"

ಎಲ್ಲರೂ ನನ್ನ ಕಡೆ ನೋಡಿದರು. ನೀಲವ್ವ ನೆಲ ನೋಡುತ್ತಿದ್ದಳು, ಆದರೆ ಅವಳ ಕಿವಿಯೆಲ್ಲ ನನ್ನ ಬಾಯಿಯ ಮೇಲಿತ್ತು.

"ರೊಟ್ಟಿ ಹಂಚಿನವ್ರಿ" ಎಂದೆ. "ನಮ್ಮನ್ಯಾಗ ರೊಟ್ಟಿ ಎಲ್ಲಾ ಇಕಿನ ಬಡಿಯಾಕಿ."

"ಎಡಗೈಗೆ ಹೆಂಗವ್ವ ಆತು?" ಗೌರವ್ವ ಜೀವಮಾನವೆಲ್ಲ ರೊಟ್ಟಿ ಬಡಿದವಳು, ಹಂಚು ಸುಡುವುದು ರೊಟ್ಟಿ ತಿರುವುವ ಬಲಗೈಯನ್ನು ಎಂದು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

"ಎರಡೂ ಕೈಲೆ ತಿರುವತಾಳ್ರಿ. ಅಷ್ಟು ಬಿರುಸು."

ಗಂಡಸರು ನಕ್ಕರು. ಗೌರವ್ವ ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು. "ಇಂಥಾ ಕೈ ಹುಡುಕ್ಕೋಂತ ಕೊಪ್ಪಳತನಕ ತಿರುಗೀವಿ ನೋಡ್ರಿ" ಎಂದು ಅಲ್ಲೇ ಸಕ್ಕರೆ ಹಂಚಿಸಿದಳು. ಅಪ್ಪ ನನ್ನ ಮುಖ ನೋಡಿದ, ಮಗಳ ಮುಖ ನೋಡಿದ, ಸಕ್ಕರೆ ಬಾಯಿಗೆ ಹಾಕಿಕೊಂಡ. ಕೊಟ್ಟ ಮಾತನ್ನು ಅವನೂ ಸಕ್ಕರೆಯ ಜೊತೆ ನುಂಗಿದ.

ಸಂಬಂಧ ತಪ್ಪಬಾರದು ಎಂದು ಹೇಳಿದೆ, ಎಂದೇ ಎಲ್ಲರಿಗೂ ಹೇಳುತ್ತ ಬಂದೆ. ಅದು ಅರ್ಧ ಸತ್ಯ. ಇನ್ನರ್ಧ ಇದು: ಸುಟ್ಟ ಗಾಯ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಬಲಗೈ ನೆನಪಾಯಿತು. ಹಂಚಿನ ಗುರುತು ಇದ್ದದ್ದು ನನ್ನ ಕೈಯಲ್ಲಿ. ಅದನ್ನು ಯಾರೂ ಹಿಡಿದು ನೋಡಿರಲಿಲ್ಲ, ಕಣ್ಣಿಗೆ ಒತ್ತಿಕೊಂಡಿರಲಿಲ್ಲ. ಅವಳು ಖಾಜಾಸಾಬನ ಅಂಗಡಿಯಲ್ಲಿ ಕುಳಿತಿದ್ದ ಮಧ್ಯಾಹ್ನಗಳಲ್ಲೆಲ್ಲ ಅವಳ ರೊಟ್ಟಿಯನ್ನು ನಾನು ಬಡಿದಿದ್ದೆ. ಇನ್ನು ನೀನೂ ಬಡಿ, ಎಂದು ನನ್ನೊಳಗೆ ಯಾರೋ ಹೇಳಿದ ಹಾಗಾಯಿತು. ಯಾರೋ ಏನು ಬಂತು, ನಾನೇ ಹೇಳಿದೆ.

ಆ ರಾತ್ರಿ ಅವಳು ನನ್ನೊಡನೆ ಜಗಳವಾಡಲಿಲ್ಲ. ಮದುವೆಯ ತನಕ ಬರೀ ಬೇಕಾದಷ್ಟೇ ಮಾತಾಡಿದಳು.

ಮದುವೆಯಾದ ಮೇಲೆ ಒಮ್ಮೆ ಬೇವೂರಿಗೆ ಹೋದೆ. ದೊಡ್ಡ ಅಡಿಗೆಮನೆ, ಒಲೆಯ ಹೊಗೆಯಲ್ಲಿ ಅವಳು. ಬುಟ್ಟಿಯಲ್ಲಿ ಒಡಕು ರೊಟ್ಟಿಗಳು. ಪಡಸಾಲೆಯಿಂದ ಗೌರವ್ವ ನನಗೆ ಕೇಳುವಂತೆ ಅಂದಳು: "ನಿಮ್ಮ ತಂಗೀಗೆ ನಮ್ಮ ಮನಿ ರೊಟ್ಟಿ ಬಡಿಯಾಕ ಸೊಕ್ಕು ಅಡ್ಡ ಬರತೈತಿ ನೋಡವ್ವ. ತವರಮನ್ಯಾಗ ಎರಡೂ ಕೈಲೆ ತಿರುವುತಿದ್ಲಂತ, ಇಲ್ಲಿ ಒಂದು ಕೈಯೂ ಏಳವಲ್ದು!"

ನೀಲವ್ವ ಬೂದಿ ಕೆದರುತ್ತ ಮೆಲ್ಲನೆ ಹೇಳಿದಳು: "ಬರಂಗಿಲ್ಲ ಅಂತ ಹೇಳಿದ್ರ ಕಲಿಸ್ತಿದ್ರು, ಯಕ್ಕಾ. ಬರತೈತಿ ಅಂತ ಹೇಳಿ ಹೋದಿ. ಅದಕ್ಕ ಬೈತಾರ."

ನಾನು ಏಳಲು ಹೋದೆ. "ಈಗ ಹೋಗಿ ಹೇಳ್ತೀನಿ ನಿಮ್ಮತ್ತೀಗೆ."

"ಕುಂದರು. ಈಗ ಹೇಳಿದ್ರ ನಾ ಬಾರದಾಕಿ, ನೀ ಸುಳ್ಳಾಕಿ, ಅಪ್ಪ ಮೋಸಗಾರ. ಮೂರು ಮಂದೀನ ಬೈಯೋದಕ್ಕಿಂತ ನನ್ನೊಬ್ಬಾಕಿನ್ನ ಬೈಲಿ."

ನಾನು ಕುಳಿತೆ. ಅವಳು ಕೂರು ಎಂದಳು, ಅದಕ್ಕೆ ಕುಳಿತೆ ಎಂದು ಬಹಳ ವರ್ಷ ನನ್ನನ್ನು ಸಮಾಧಾನ ಮಾಡಿಕೊಂಡೆ. ಅವಳು ಯಾವತ್ತಾದರೂ ಕೂರು ಅಂದಾಗ ಕೂತವಳೇ? ನಾನು ಕೂತವಳು, ಅಷ್ಟೇ.

ಆದರೂ ಅವಳು ಅವಳೇ. ನನ್ನನ್ನು ಕಳಿಸಲು ಅವಳು ಎದ್ದು ಬಂದಾಗ ಅವಳ ಮೈದುನ ಹೊಸದಾಗಿ ತಂದ ಟೇಪ್‌ರೆಕಾರ್ಡರ್ ಪಡಸಾಲೆಯಲ್ಲಿ ಕ್ಯಾಸೆಟ್ಟಿನ ರೀಲು ನುಂಗಿ ಕಿರಗುಟ್ಟುತ್ತಿತ್ತು. ಮನೆಯ ಗಂಡಸರೆಲ್ಲ ಅದರ ಸುತ್ತ ನಿಂತು ತಟ್ಟುತ್ತಿದ್ದರು. ನೀಲವ್ವನ ಕೈ ಹಿಟ್ಟಿನ ಸಮೇತ ಒಂದು ಗೇಣು ಮುಂದೆ ಹೋಯಿತು. "ತಟ್ಟಬ್ಯಾಡ್ರಿ, ಅದೇನು ರೊಟ್ಟಿಯೇನು?" ಎಂದಳು. ಮೈದುನ, "ವೈನಿ, ಒಲಿ ಆರೀತು ನೋಡ್ರಿ" ಎಂದ. ಅವಳ ಗಂಡ ಕೆಟ್ಟವನಲ್ಲ, ತಾಯಿಯ ಎದುರು ಬಾಯಿ ತೆರೆಯದವನು; ಅವನೂ ನಕ್ಕ. ಅವಳು ಒಳಗೆ ಹೋದಳು. ಅದನ್ನು ದುರಸ್ತಿಗೆ ಗಂಗಾವತಿಗೆ ಒಯ್ದರಂತೆ. ಪಡಸಾಲೆಯಿಂದ ಅಡಿಗೆಮನೆಗೆ ಒಯ್ದಿದ್ದರೆ ಸಾಕಿತ್ತು.

ರೊಟ್ಟಿ ಬಡಿಯುವುದನ್ನು ಕಲಿತಳು. ಹಟಕ್ಕೆ ಬಿದ್ದರೆ ಅವಳಿಗೆ ಬಾರದ್ದು ಯಾವುದಿತ್ತು? ಮೂರನೆಯ ವರ್ಷಕ್ಕೆ ಅವಳ ರೊಟ್ಟಿ ಕಾಗದದ ಹಾಗೆ ಬರುತ್ತಿತ್ತಂತೆ, ಓಣಿಯವರು ಹಬ್ಬಕ್ಕೆ ಅವಳನ್ನು ಕರೆಯುತ್ತಿದ್ದರಂತೆ. ನಾಲ್ಕನೆಯ ವರ್ಷ ಕಾಮಣಿಯಾಗಿ ಹಾಸಿಗೆ ಹಿಡಿದಳು. ನಾಟಿ ಔಷಧ ಹಾಕಿಸುತ್ತ ಕಾಲ ಕಳೆದರು. ನಮಗೆ ಸುದ್ದಿ ಬಂದದ್ದು ತೀರಿಹೋದ ಮೇಲೆ. ಮಕ್ಕಳಾಗಿರಲಿಲ್ಲ.

ನಮ್ಮ ಕಡೆ ಹೆಣದ ಸುತ್ತ ಕುಳಿತ ಹೆಂಗಸರು ಸತ್ತವರ ಗುಣಗಳನ್ನು ಹಾಡಿ ಹಾಡಿ ಅಳುತ್ತಾರೆ. ಒಬ್ಬರಾದ ಮೇಲೆ ಒಬ್ಬರು. ಬದುಕಿದ್ದಾಗ ಯಾರೂ ಹೇಳದ ಒಳ್ಳೆಯ ಮಾತುಗಳೆಲ್ಲ ಅವತ್ತು ಬರುತ್ತವೆ. ನಾನು ಬೇವೂರು ಮುಟ್ಟಿದಾಗ ಗೌರವ್ವ ಹಾಡುತ್ತಿದ್ದಳು: ಬೆಳದಿಂಗಳಂಥ ರೊಟ್ಟಿ ಬಡಿದವಳೇ, ಬುಟ್ಟಿ ತುಂಬ ಬಡಿದು ಮನೆ ತುಂಬ ನೀಡಿದವಳೇ, ಎಂದು. ಅವಳ ಅಳು ಸುಳ್ಳಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತಂದದ್ದು. ನೆಗೆಣ್ಣಿ, ಆ ಮನೆಯ ಇನ್ನೊಬ್ಬ ಸೊಸೆ, ಹಾಡಿದಳು, ರೊಟ್ಟಿ. ಪಕ್ಕದ ಮನೆಯವಳು ಹಾಡಿದಳು, ರೊಟ್ಟಿ. ಅಷ್ಟು ಮಂದಿಯಲ್ಲಿ ಒಬ್ಬಳಿಗೂ ಅಲ್ಲಿ ಮಲಗಿದವಳು ಯಾರೆಂದು ಗೊತ್ತಿರಲಿಲ್ಲ.

"ಅಕ್ಕ ಬಂದ್ಲು, ಜಾಗ ಬಿಡ್ರಿ. ಅಕ್ಕ ಹಾಡ್ಯಾಡಲಿ" ಎಂದು ನನ್ನನ್ನು ತಲೆಯ ಬಳಿ ಕೂರಿಸಿದರು.

ಹೇಳಬೇಕಾದ್ದು ನನ್ನ ಗಂಟಲಲ್ಲಿತ್ತು. ಓಣಿಯ ಸ್ಟೋವುಗಳಿಗೆಲ್ಲ ಉರಿ ಕೊಟ್ಟವಳೇ, ಪಂಪಿನ ಹಿಡಿಕೆಗೆ ಜಗಳ ಕಾದವಳೇ, ಕರಗಿದ ಸೀಸವನ್ನು ಕೈ ನಡುಗದೆ ಹಚ್ಚಿದವಳೇ, ಎನ್ನಬೇಕು. ಹೆಂಗಸರು ಅಳು ನಿಲ್ಲಿಸಿ ನನ್ನ ಮುಖ ನೋಡಿಯಾರು, ನೋಡಲಿ. ಗೌರವ್ವ ಕೇಳಿಯಾಳು, ಕೇಳಲಿ. ಅಪ್ಪ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದ. ಎಲ್ಲರೂ ಕಾಯುತ್ತಿದ್ದರು. ಬಾಯಿ ತೆರೆದೆ.

ರೊಟ್ಟಿ ಹಾಡಿದೆ. ಎರಡೂ ಕೈಯಿಂದ ತಿರುವಿದವಳೇ ಎಂದು ಹಾಡಿದೆ.

ಗೌರವ್ವ ನನ್ನನ್ನು ತಬ್ಬಿಕೊಂಡು, "ಖರೇ ಮಾತವ್ವಾ, ಖರೇ ಮಾತು" ಎಂದು ನನ್ನ ದನಿಗೆ ದನಿ ಕೂಡಿಸಿದಳು.